ಆರೇಳು ಮಿಲಿಮೀಟರಿನೊಳಗಿನ ಬೇಟೆ

ನಮ್ಮ ತಲೆಬುರುಡೆಯ ಮೂಳೆ ಸರಾಸರಿ ಆರೇಳು ಮಿಲಿಮೀಟರ್ ದಪ್ಪ, ಅಷ್ಟೇ! ಅಷ್ಟರಲ್ಲೇ ಮೂರು ಅಂತಸ್ತು. ಹೊರಗೊಂದು ಗಟ್ಟಿ ಪದರ, ಒಳಗೊಂದು ಗಟ್ಟಿ ಪದರ, ನಡುವೆ ಮಜ್ಜೆ ತುಂಬಿದ ರಂಧ್ರಮಯ ಮೂಳೆ. ಈ ನಡುಮನೆಯಲ್ಲಿ ಅಪರೂಪಕ್ಕೊಮ್ಮೆ ಎಪಿಡರ್ಮಾಯ್ಡ್ ಎಂಬ ಸಿಸ್ಟ್, ಅಂದರೆ ಚೀಲದಂಥ ಗಂಟು, ಬಿಡಾರ ಹೂಡುತ್ತದೆ. ಕತ್ತಿ ತಾಗಿಸದೆ ಅದನ್ನು ಪತ್ತೆಹಚ್ಚಲು ಮನುಷ್ಯ ಕಟ್ಟಿಕೊಂಡಿರುವ ಸಂಖ್ಯೆಗಳ ಸೈನ್ಯವಂತೂ ನಂಬಲಸಾಧ್ಯ!

ಮೊದಲು ಗಂಟಿನ ವಯಸ್ಸನ್ನೇ ಕೇಳಿ. ಭ್ರೂಣಕ್ಕೆ ಮೂರರಿಂದ ಐದು ವಾರ, ಇಡೀ ಮೈಯ ಉದ್ದ ಕೆಲವೇ ಮಿಲಿಮೀಟರ್. ಚರ್ಮವಾಗಬೇಕಿದ್ದ ಕೆಲವು ಕೋಶಗಳು ಆಗಲೇ ದಾರಿ ತಪ್ಪಿ ಒಳಗೆ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡರೂ ಚರ್ಮದ ಕಸುಬು ಬಿಡುವುದಿಲ್ಲ. ಉದುರಿದ ಕೆರಾಟಿನ್ ಪದರಗಳನ್ನು ಹೊರಚೆಲ್ಲಲಾಗದೆ ತಮ್ಮೊಳಗೇ ಪೇರಿಸುತ್ತ ಹೋಗುತ್ತವೆ. ನಲವತ್ತನೇ ವರ್ಷದಲ್ಲಿ ನೆತ್ತಿಯ ಮೇಲೊಂದು ಉಬ್ಬು ಕೈಗೆ ತಾಗಿತೆನ್ನಿ. ಅದರ ಹಿಂದೆ 14,600 ದಿನಗಳ ಗುಟ್ಟಿನ ದುಡಿಮೆಯಿದೆ! ಎಂಥ ಗುಟ್ಟು ಎಂದರೆ, 1922ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ವರದಿ ಮಾಡಿದ ದೊಡ್ಡ ಎಪಿಡರ್ಮಾಯ್ಡ್ ಗಂಟೊಂದು ಮಿದುಳಿನ ಎಡ ಅರ್ಧಗೋಳದ ಆಕಾರವನ್ನೇ ಕೆಡಿಸಿತ್ತು. ಆದರೂ ಮಿದುಳಿನ ತೊಂದರೆಯ ಲಕ್ಷಣಗಳೇ ಇರಲಿಲ್ಲ.

ಬೇಟೆಗೆ ಮೊದಲು ಹೊರಟದ್ದು ಎಕ್ಸ್‌ರೇ. ಒಂದೇ ಸೆಕೆಂಡಿನಲ್ಲಿ ಭೂಮಿಯನ್ನು ಏಳೂವರೆ ಸುತ್ತು ಹಾಕಬಲ್ಲ ವೇಗ ಅದರದು. 15 ಸೆಂಟಿಮೀಟರ್ ಅಗಲದ ತಲೆಯನ್ನು ದಾಟಲು ಅದಕ್ಕೆ ಬೇಕಾದದ್ದು ಸೆಕೆಂಡಿನ 200 ಕೋಟಿಯಲ್ಲೊಂದು ಪಾಲು! ಫಿಲ್ಮಿನ ಮೇಲೆ ಬಿಳಿ ಅಂಚಿನ ಕಪ್ಪು ಕುಳಿಯೊಂದು ಮೂಡುತ್ತದೆ. ಒಳಗೇನಿದೆ ಎಂಬುದು ಮಾತ್ರ ಅಷ್ಟು ವೇಗಕ್ಕೂ ದಕ್ಕದು.

ಅಲ್ಲಿಗೆ ಬಂತು ಸಿ.ಟಿ. ಬ್ರಿಟನ್ನಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಪ್ರಯೋಗಾಲಯದಲ್ಲಿ ಮೊದಮೊದಲು ಒಂದೇ ಒಂದು ಚಿತ್ರಕ್ಕಾಗಿ 28,000 ಅಳತೆ ತೆಗೆಯಬೇಕಿತ್ತು, ಅದಕ್ಕೆ ಒಂಬತ್ತು ದಿನ ಹಿಡಿಯುತ್ತಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆ ಯಂತ್ರದೊಳಗೆ ಹೋದಾಗ ಹೊರಬಂದ ಚಿತ್ರದಲ್ಲಿದ್ದದ್ದು 80 ಗುಣಿಸು 80, ಅಂದರೆ 6,400 ಚೌಕಗಳು. ಇಂದು ಒಂದು ಚಿತ್ರದಲ್ಲಿ 2,62,144! ಇಡೀ ತಲೆಗೆ ಹತ್ತು ಸೆಕೆಂಡು ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ, ಒಂಬತ್ತು ದಿನದ ಎದುರು ಅದು 77,760 ಪಟ್ಟು ಚುರುಕು. ತಲೆಯನ್ನು 300 ಹೋಳಾಗಿ ನೋಡಿದರೆ 7.86 ಕೋಟಿ ಚುಕ್ಕಿಗಳು. ಸೆಕೆಂಡಿಗೊಂದರಂತೆ ಹಗಲಿರುಳು ಎಣಿಸಲು ಕೂತರೆ ಎರಡೂವರೆ ವರ್ಷ ಬೇಕು. ಪ್ರತಿ ಚುಕ್ಕಿಗೂ ಒಂದು ಅಂಕ: ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ, ಗಟ್ಟಿ ಮೂಳೆಗೆ 1000ದ ಆಸುಪಾಸು. ಸಾವಿರದ ಗೋಡೆಗಳ ನಡುವೆ ಸೊನ್ನೆಯ ಹತ್ತಿರದ ಗುಡ್ಡೆಯೊಂದು ಕಂಡಿತೋ, ರೇಡಿಯಾಲಜಿಸ್ಟ್ ಕಿವಿ ನಿಮಿರುತ್ತದೆ.

ಇದೂ ಚಿಲ್ಲರೆ ಲೆಕ್ಕ ಅನಿಸುವುದು ಎಂ.ಆರ್.ಐ. ಮುಂದೆ! ಸಾಮಾನ್ಯ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು. ಅದರೊಳಗೆ ಮಲಗಿದವರ ಮೈಯ ಹೈಡ್ರೋಜನ್ ಪರಮಾಣು ಬೀಜಗಳು ಬುಗುರಿಯಂತೆ ಓಲಾಡುತ್ತ ಸೆಕೆಂಡಿಗೆ 6.39 ಕೋಟಿ ಸುತ್ತು ಹಾಕುತ್ತವೆ. ಭೂಮಿ ತನ್ನ ಅಕ್ಷದ ಮೇಲೆ ಅಷ್ಟು ಸುತ್ತು ತಿರುಗಲು ಸುಮಾರು 1,75,000 ವರ್ಷ ಬೇಕು!

ಇಂಥ ಬೀಜಗಳೆಷ್ಟು? ಒಂದೇ ಒಂದು ಘನ ಮಿಲಿಮೀಟರ್ ನೀರಿನಲ್ಲಿ 6.7 ಲಕ್ಷ ಕೋಟಿ ಕೋಟಿ. ಜಗತ್ತಿನ 800 ಕೋಟಿ ಜನರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೂ 800 ಕೋಟಿಗಿಂತ ಹೆಚ್ಚು! ಸೆಕೆಂಡಿಗೊಂದರಂತೆ ನಿಮ್ಮ ಪಾಲನ್ನಷ್ಟೇ ಎಣಿಸಿ ಮುಗಿಸಲು 250 ವರ್ಷವೂ ಸಾಲದು. ಅಷ್ಟೂ ಬೀಜಗಳಲ್ಲಿ ಯಂತ್ರಕ್ಕೆ ನಿಜವಾಗಿ ಉಪಯೋಗಕ್ಕೆ ಬರುವುದು, ಎದುರುಬದುರು ದಿಕ್ಕಿನವು ಪರಸ್ಪರ ರದ್ದಾದ ಮೇಲೆ ಹತ್ತು ಲಕ್ಷಕ್ಕೆ ಐದರಂತೆ ಉಳಿಯುವ ಹೆಚ್ಚುವರಿ. ಆ ಐದೈದನ್ನೇ ಕೂಡಿಸಿದರೂ ಮೂರು ಕೋಟಿ ಕೋಟಿ ದಾಟುತ್ತದೆ!

ಕೊನೆಯ ಪಟ್ಟು, ನೀರಿನ ಕಣಗಳ ಸರಿದಾಟವನ್ನು ಇದೇ ಎಂ.ಆರ್.ಐ. ಯಂತ್ರದಲ್ಲಿ ಗಮನಿಸುವ ಡಿಫ್ಯೂಷನ್ ಚಿತ್ರಣದ್ದು. ದೇಹದ ತಾಪದಲ್ಲಿ ತಡೆಯಿಲ್ಲದ ನೀರಿನ ಕಣವೊಂದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ ಸರಿಯುವುದು ಸುಮಾರು 17 ಮೈಕ್ರಾನ್, ಅಂದರೆ ಕೂದಲೆಳೆಯ ದಪ್ಪದ ಕಾಲು ಭಾಗ. ಕೆರಾಟಿನ್ ಕಿಕ್ಕಿರಿದ ಎಪಿಡರ್ಮಾಯ್ಡಿನೊಳಗೆ ಅಷ್ಟು ಸರಿದಾಟವೂ ಸಲೀಸಲ್ಲ. ಆ ಚೂರು ತಡೆಯನ್ನೂ ಯಂತ್ರ ಹಿಡಿಯುತ್ತದೆ. ಬರೀ ದ್ರವ ತುಂಬಿದ ಸಿಸ್ಟ್ ಕಪ್ಪಾಗಿ ಕಾಣುವ ಚಿತ್ರದಲ್ಲಿ ಎಪಿಡರ್ಮಾಯ್ಡ್ ಮಾತ್ರ ಬೆಳ್ಳಗೆ ಹೊಳೆದು ಸಿಕ್ಕಿಬೀಳುತ್ತದೆ!