ಕಲ್ಲಿಲ್ಲದ ಕಲಿಗಳು

ಕಾದಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು ಕನ್ನಡ ನಾಡಿನ ಬಹು ಹಳೆಯ ವಾಡಿಕೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಈ ಗೌರವ ಅರಸರಿಗಷ್ಟೇ ಮೀಸಲಾಗಿರಲಿಲ್ಲ. ಊರಿನ ದನ ಬಿಡಿಸಿಕೊಳ್ಳಲು ಹೋದವನಿಗೂ, ಹೆಣ್ಣುಮಕ್ಕಳ ಮಾನ ಕಾಯುತ್ತ ಬಿದ್ದವನಿಗೂ ಅದು ಸಲ್ಲುತ್ತಿತ್ತು. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಹೆಸರು ಸುಮಾರು ಕ್ರಿ.ಶ. 750ರ ಕಲ್ಲಿನಿಂದಾಗಿ ಇಂದಿಗೂ ಉಳಿದಿದೆ. ಹತ್ತನೆಯ ಶತಮಾನದ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು.

ಇಂಥ ನಾಡಿನಲ್ಲೇ ಕಿತ್ತೂರಿನ ಸೈನಿಕರಿಗೆ ಕಲ್ಲಿಲ್ಲ. ಹಳೇ ಹುಬ್ಬಳ್ಳಿಯಿಂದ ಧಾರವಾಡ ದಾಟಿ ಬೆಳಗಾವಿಯ ಹಾದಿ ಹಿಡಿದರೆ ಕಿತ್ತೂರು ಸುಮಾರು ಐವತ್ತು ಕಿಲೋಮೀಟರ್. ಅಲ್ಲಿ 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ದಂಡಿನೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂಬುದು ಜನರ ನೆನಪಿನಲ್ಲಿದೆ. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಎದ್ದಿತು. ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ, ಹುಬ್ಬಳ್ಳಿಯ ವೃತ್ತದಲ್ಲಿ ಆಕೆಯ ಪ್ರತಿಮೆಯಿದೆ. ಕೋಟೆಯ ಬಾಗಿಲಲ್ಲಿ ಬಿದ್ದ ಸಾಮಾನ್ಯ ಸೈನಿಕರು ಮಾತ್ರ ಹೆಸರಿಲ್ಲದೆ ಮಣ್ಣಾದರು.

ಆ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಇದೇ ಸೀಮೆಯ ಹಳೆಯ ಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದವನು ಅವನೇ. ಸಾವಿರ ವರ್ಷದ ಹಿಂದಿನವರ ಹೆಸರುಗಳು ಹೀಗೆ ಕಾಗದಕ್ಕೆ ಬಂದವು. ಅವನ ಕಣ್ಣೆದುರೇ ಕಾದಿದವರ ಹೆಸರುಗಳು ಬರಲಿಲ್ಲ.

ಕಿತ್ತೂರಿಗಾಗಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಇಂದಿಗೂ ಹರಕೆ ಹೊತ್ತು ಬರುತ್ತಾರೆ. ಅವನೊಂದಿಗೆ ನೇಣಿಗೇರಿದ ಸಂಗಡಿಗರ ಹೆಸರು ಆ ಹರಕೆ ಹೊತ್ತವರಲ್ಲಿ ಎಷ್ಟು ಜನರಿಗೆ ಗೊತ್ತು? 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಊರಿಗೆ ಬೆಂಕಿ ಬಿತ್ತು. ಆ ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಜನ, ಹಲಗಲಿಯಲ್ಲಿ 6 ಜನ ನೇಣಿಗೇರಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಉಳಿದದ್ದು ಲಾವಣಿಕಾರರ ಬಾಯಲ್ಲಿ. ಆ ಲಾವಣಿಯನ್ನು 1880ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿ, ಶಾಸನತಜ್ಞ ಫ್ಲೀಟ್ ಅಚ್ಚು ಹಾಕಿಸಿದ. ಕಲ್ಲು ಮಾಡಬೇಕಾದ ಕೆಲಸವನ್ನು ಇಲ್ಲಿ ಹಾಡು ಮಾಡಿತು.

ಮರೆವು ಈ ಸೀಮೆಗಷ್ಟೇ ಸೇರಿದ್ದಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ತನ್ನದೇ ಲೋಪವನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಜನರಿಗೆ, ಹೆಚ್ಚಾಗಿ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರಿಗೆ, ಹೆಸರಿನ ಸ್ಮಾರಕವೇ ಇಲ್ಲ ಎಂದು ಅದರ ವರದಿ ಹೇಳಿತು. ಇನ್ನೂ ಸುಮಾರು ಐವತ್ತು ಸಾವಿರ ಜನಕ್ಕೆ, ಭಾರತೀಯರೂ ಸೇರಿದಂತೆ, ಸಮಾನ ಗೌರವ ಸಿಕ್ಕಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ನಮೂದಿಸಲಾಗಿತ್ತು. ತಪ್ಪು ತಿದ್ದಲು ಆಯೋಗ ಹಳೆಯ ದಾಖಲೆಗಳನ್ನು ಮತ್ತೆ ಕೆದಕಿತು.

ಆ ದಾರಿ ಇಲ್ಲಿಯೂ ತೆರೆದಿದೆ. ಕಂಪನಿ ಸರ್ಕಾರದ ಪತ್ರವ್ಯವಹಾರ, ವಿಚಾರಣೆಯ ಕಡತಗಳು, ಊರೂರಿನ ಲಾವಣಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಹಲವು ಹೆಸರುಗಳು ಸಿಕ್ಕಾವು. ಧಾರವಾಡದಲ್ಲಿ ವಿಶ್ವವಿದ್ಯಾಲಯವಿದೆ, ಕನ್ನಡ ಸಂಶೋಧನ ಸಂಸ್ಥೆಯಿದೆ. ಗುಡಿಯ ಹಿತ್ತಲಲ್ಲಿ ಬಿದ್ದಿರುವ, ಬಟ್ಟೆ ಒಗೆಯುವ ಬಂಡೆಯಾಗಿರುವ ವೀರಗಲ್ಲುಗಳನ್ನು ಎತ್ತಿ ನಿಲ್ಲಿಸುವುದಕ್ಕೆ ಯಾವ ಸಂಸ್ಥೆಯೂ ಬೇಕಿಲ್ಲ; ಊರಿನ ನಾಲ್ಕು ಜನ ಕೈಹಚ್ಚಿದರೆ ಸಾಕು. ಕಿತ್ತೂರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಉತ್ಸವ ನಡೆಯುತ್ತದೆ. ಸಿಕ್ಕಷ್ಟು ಹೆಸರುಗಳನ್ನು ಕೆತ್ತಿದ ಒಂದು ಕಲ್ಲು ಅಲ್ಲಿನ ಕೋಟೆಯ ಬಾಗಿಲಲ್ಲಿ ನಿಲ್ಲಬೇಕು.