ತೊಟ್ಟಿಕ್ಕುವ ನಲ್ಲಿಗೆ ಮನೆಯಲ್ಲೇ ಮದ್ದು

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಜನರು ಬರುವುದು ಹಣ್ಣು, ತರಕಾರಿ, ಹೂವು, ಮಾಂಸಕ್ಕಾಗಿ. 1927ರಲ್ಲಿ ನಿರ್ಮಾಣಗೊಂಡ ಈ ಕಟ್ಟಡವನ್ನು ಬಳಸಿ ಹೋಗುವ ಓಣಿಗಳಲ್ಲಿ ನಡೆಯುವ ವ್ಯಾಪಾರ ಬೇರೆ. ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಲ್ಲಿ, ಪೈಪಿನ ತುಂಡು, ರಬ್ಬರ್ ವಾಷರ್, ಫ್ಲಶ್ ಟ್ಯಾಂಕಿನ ಬಿಡಿಭಾಗಗಳು ದೊರೆಯುತ್ತವೆ. ಬಚ್ಚಲುಮನೆಯ ಸೋರಿಕೆಗಳಲ್ಲಿ ಹೆಚ್ಚಿನವಕ್ಕೆ ಬೇಕಾಗುವುದು ಇಂತಹ ಅಗ್ಗದ ಸಾಮಗ್ರಿ ಮತ್ತು ಅರ್ಧ ಗಂಟೆಯ ಬಿಡುವು ಮಾತ್ರ. ಆದರೂ ಪ್ಲಂಬರ್ ಬಿಡುವಾಗಿ ಬರುವ ತನಕ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಕಾಯುವ ಮನೆಗಳೇ ನಗರದಲ್ಲಿ ಅಧಿಕ.

ಹೀಗೆ ಸೋರಿ ಹೋಗುವ ನೀರು ಅಗ್ಗದ್ದಲ್ಲ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರದ ಪೂರ್ವ ಭಾಗದ ಬಡಾವಣೆಗಳು ಟ್ಯಾಂಕರಿಗೆ ಪರದಾಡಿದ್ದು ಮರೆಯುವಂತಹುದಲ್ಲ. 2025ರ ಏಪ್ರಿಲ್‌ನಲ್ಲಿ ಜಲಮಂಡಳಿ ದಶಕದ ನಂತರ ನೀರಿನ ದರವನ್ನೂ ಏರಿಸಿತು.

ಸೋರಿಕೆಯ ಪ್ರಮಾಣವನ್ನು ಯಾರಾದರೂ ಅಳೆಯಬಹುದು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಐದು ನಿಮಿಷ ಲೋಟವಿಟ್ಟು, ಬಿದ್ದ ನೀರನ್ನು ಔಷಧದ ಅಳತೆ ಮುಚ್ಚಳದಿಂದ ಅಳೆದರಾಯಿತು. 50 ಮಿ.ಲೀ. ಸಂಗ್ರಹವಾದರೆ ದಿನಕ್ಕೆ 14 ಲೀಟರಿಗೂ ಹೆಚ್ಚು, ತಿಂಗಳಿಗೆ 430 ಲೀಟರಿಗೂ ಹೆಚ್ಚು ನೀರು ಚರಂಡಿ ಸೇರುತ್ತಿದೆ ಎಂದರ್ಥ.

ಹಳೆಯ ಮಾದರಿಯ, ಹಲವು ಸುತ್ತು ತಿರುಗಿಸುವ ನಲ್ಲಿಯಲ್ಲಿ ದೋಷ ಸಾಮಾನ್ಯವಾಗಿ ವಾಷರಿನದು. ಬಿಗಿಯಾಗಿ ತಿರುಗಿಸಿದರೆ ಸೋರಿಕೆ ನಿಲ್ಲುತ್ತದೆ ಎಂಬ ನಂಬಿಕೆಯೇ ವಾಷರನ್ನು ಇನ್ನಷ್ಟು ಬೇಗ ಹಾಳುಮಾಡುತ್ತದೆ. ಮೊದಲು ಆ ನಲ್ಲಿಗೆ ನೀರು ಕೊಡುವ ಆಂಗಲ್ ಕಾಕ್ ಅಥವಾ ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಬೇಕು. ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಟ್ಟು, ಬಚ್ಚಲಿನ ಕಿಂಡಿಗೆ ಬಟ್ಟೆ ಮುಚ್ಚಬೇಕು. ಕೈತಪ್ಪಿದ ಸ್ಕ್ರೂ ಸೇರುವ ಜಾಗ ಸದಾ ಅದೇ. ಹಿಡಿಯನ್ನು ಬಿಚ್ಚಿ, ಒಳಗಿನ ತಿರುಪುದಂಡವನ್ನು ಸ್ಪ್ಯಾನರಿನಿಂದ ಹೊರತೆಗೆದರೆ ತುದಿಯಲ್ಲಿ ಸವೆದ ವಾಷರ್ ಕಾಣುತ್ತದೆ. ಅದೇ ಅಳತೆಯ ಹೊಸದನ್ನು ಹಾಕಿ ಮತ್ತೆ ಕೂರಿಸುವುದಷ್ಟೇ ಕೆಲಸ. ವಾಷರ್ ಕೂರುವ ಹಿತ್ತಾಳೆಯ ಅಂಚಿನಲ್ಲೇ ಗುಳಿ ಬಿದ್ದಿದ್ದರೆ ಹೊಸ ವಾಷರ್ ಹೆಚ್ಚು ದಿನ ನಿಲ್ಲದು, ನಲ್ಲಿಯನ್ನೇ ಬದಲಿಸುವುದು ಲೇಸು. ಕಾಲು ಸುತ್ತಿನಲ್ಲಿ ತೆರೆದುಕೊಳ್ಳುವ ಇಂದಿನ ನಲ್ಲಿಗಳಲ್ಲಿ ರಬ್ಬರ್ ವಾಷರಿನ ಬದಲು ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಅದನ್ನು ರಿಪೇರಿ ಮಾಡಲಾಗದು, ಇಡಿಯಾಗಿ ಬದಲಿಸಬೇಕು.

ನಲ್ಲಿ ಬದಲಿಸುವಾಗ ಮರೆಯೊಳಗೆ ಟೆಫ್ಲಾನ್ ಟೇಪ್ ಸುತ್ತುವ ದಿಕ್ಕು ಮುಖ್ಯ. ಮರೆ ಎದುರಿಗೆ ಬರುವಂತೆ ನಲ್ಲಿಯನ್ನು ಹಿಡಿದು, ಗಡಿಯಾರದ ಮುಳ್ಳು ಸಾಗುವ ದಿಕ್ಕಿನಲ್ಲಿ ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ ಬಿಗಿಮಾಡುವಾಗ ಟೇಪ್ ಕಿತ್ತುಬರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನೇ ಕೊಂಡೊಯ್ಯುವುದು ಜಾಣತನ. ಪೊಟ್ಟಣದ ಮೇಲೆ 15 ಮಿ.ಮೀ. ಎಂದಿದ್ದರೂ ಅಂಗಡಿಯವರ ಬಾಯಲ್ಲಿ ಅದು ಇಂದಿಗೂ ‘ಅರ್ಧ ಇಂಚು’. ದಂಡು ಪ್ರದೇಶದ ಹಳೆಯ ಮನೆಗಳ ಹಿತ್ತಾಳೆ ನಲ್ಲಿಗಳಿಗಂತೂ ಕಣ್ಣಳತೆಯಲ್ಲಿ ಹೇಳಿ ತಂದ ವಾಷರ್ ಕೂರುವುದು ಅಪರೂಪ.

ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಏರೇಟರ್ ಇನ್ನೊಂದು ಸುಲಭ ಸುಧಾರಣೆ. ನೀರಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುವ ಈ ಜಾಲರಿಯನ್ನು 2024ರ ಮಾರ್ಚ್‌ನಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡ, ಹೋಟೆಲ್, ಅಪಾರ್ಟ್‌ಮೆಂಟ್‌ಗಳಿಗೆ ಕಡ್ಡಾಯ ಮಾಡಿತು. ಕೈತೊಳೆಯುವ ಬೇಸಿನ್ನಿಗೆ ಇದು ಸೂಕ್ತ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಬಕೆಟ್ ನಿಧಾನವಾಗಿ ತುಂಬುತ್ತದೆಯೇ ಹೊರತು ನೀರೇನೂ ಉಳಿಯದು.

ನಲ್ಲಿಗಿಂತ ಅಪಾಯಕಾರಿ ಫ್ಲಶ್ ಟ್ಯಾಂಕ್, ಏಕೆಂದರೆ ಅದರ ಸೋರಿಕೆಗೆ ಸದ್ದಿಲ್ಲ. ಪರೀಕ್ಷೆ ಮಾತ್ರ ಸರಳ. ರಾತ್ರಿ ಎಲ್ಲರೂ ಬಳಸಿಯಾದ ಮೇಲೆ ಟ್ಯಾಂಕಿನೊಳಗೆ ಅಡುಗೆ ಬಣ್ಣ ಕದಡಿ 20 ನಿಮಿಷ ಬಿಡಬೇಕು. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಸೀಲ್ ಕೆಟ್ಟಿದೆ ಎಂದೇ ಲೆಕ್ಕ. ನೀರು ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಗೆ ಏರಿ ಹರಿಯುತ್ತಿದ್ದರೆ ದೋಷ ಫ್ಲೋಟಿನದು. ನೀರಿನ ಮಟ್ಟ ಆ ಬಾಯಿಗಿಂತ ಎರಡು ಸೆಂ.ಮೀ. ಕೆಳಗೆ ನಿಲ್ಲುವಂತೆ ಫ್ಲೋಟನ್ನು ತಗ್ಗಿಸಬೇಕು. ಒಮ್ಮೆಗೆ ಹತ್ತು ಲೀಟರ್ ಸುರಿಯುವ ಹಳೆಯ ಟ್ಯಾಂಕಿನಲ್ಲಿ ನೀರು ತುಂಬಿದ ಒಂದು ಲೀಟರ್ ಬಾಟಲಿ ಇಟ್ಟರೆ ಪ್ರತಿ ಬಾರಿಯೂ ಅಷ್ಟು ಉಳಿಯುತ್ತದೆ. ಇಟ್ಟಿಗೆ ಇಡುವ ಹಳೆಯ ಉಪಾಯ ಬೇಡ. ಅದು ಕರಗಿ ಸೀಲಿನಡಿ ಮಣ್ಣು ಸೇರುತ್ತದೆ.

ಕೆ.ಆರ್.ಪುರದಂತಹ ಕಡೆ ಕೊಳವೆಬಾವಿಯ ಗಡಸು ನೀರನ್ನೇ ದೀರ್ಘಕಾಲ ಬಳಸಿದ ಮನೆಗಳಲ್ಲಿ ಶವರಿನ ರಂಧ್ರಗಳು ಬಿಳಿಯ ಲವಣದಿಂದ ಕಟ್ಟಿಕೊಳ್ಳುತ್ತವೆ. ಶವರಿನ ತಲೆಯನ್ನು ಬಿಚ್ಚಿ ಕೆಲವು ಗಂಟೆ ವಿನೆಗರಿನಲ್ಲಿ ನೆನೆಸಿ ಉಜ್ಜಿದರೆ ಸಾಕು. ಇದಕ್ಕೆ ಆ್ಯಸಿಡ್ ಸುರಿಯುವ ಅಭ್ಯಾಸ ನಲ್ಲಿಯ ಹೊಳಪನ್ನೂ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆ್ಯಸಿಡ್ ಮತ್ತು ಬ್ಲೀಚ್ ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಂತಿಕವಾಗಬಹುದು.

ಬಳಕೆ ಕಡಿಮೆಯಿರುವ ಬಚ್ಚಲು ನಾರುತ್ತಿದ್ದರೆ ನೆಲದ ನಹನಿ ಟ್ರ್ಯಾಪಿನಲ್ಲಿ ನೀರು ಒಣಗಿರುವ ಸಂಭವವೇ ಹೆಚ್ಚು. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿದರೆ ಚರಂಡಿಯ ವಾಸನೆಗೆ ತಡೆ ಬೀಳುತ್ತದೆ. ಕೆಳಮನೆಯ ಚಾವಣಿ ಒದ್ದೆಯಾಗುತ್ತಿದ್ದರೆ ಮಾತ್ರ ವಿಷಯ ಗಂಭೀರ. ನೆಲದ ಕಿಂಡಿ ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, 24 ಗಂಟೆ ಕಾದು ನೋಡಬೇಕು. ನೀರು ಇಳಿದು ಕಲೆ ಹೆಚ್ಚಿದರೆ ದೋಷ ನೆಲದ್ದು. ಸಂದುಗಳಿಗೆ ಎಪಾಕ್ಸಿ ತುಂಬಿ ನೋಡಬಹುದು, ಫಲವಿಲ್ಲದಿದ್ದರೆ ನೆಲ ಅಗೆಯದೆ ವಿಧಿಯಿಲ್ಲ. ನೀರು ಇಳಿಯದೆಯೂ ಕಲೆ ಹರಡುತ್ತಿದ್ದರೆ ಗೋಡೆಯೊಳಗಿನ ಪೈಪನ್ನು ಶಂಕಿಸಬೇಕು. ಅಲ್ಲಿಗೆ ಮನೆಯವರ ಕೆಲಸ ಮುಗಿದು ಪ್ಲಂಬರ್ ಕೆಲಸ ಆರಂಭವಾಗುತ್ತದೆ.

ಗೀಸರ್ ವಿಷಯದಲ್ಲಿಯೂ ಸ್ವಯಂಪ್ರಯೋಗ ಸಲ್ಲದು. ವಿದ್ಯುತ್ ಗೀಸರಿಗೆ ಭೂಸಂಪರ್ಕ ಹಾಗೂ 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರುವುದನ್ನು ಎಲೆಕ್ಟ್ರಿಷಿಯನ್‌ನಿಂದ ಖಚಿತಪಡಿಸಿಕೊಳ್ಳಬೇಕು. ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇದ್ದರೆ ಅಪಾಯ ಇನ್ನೂ ದೊಡ್ಡದು. ಗಾಳಿಯಾಡದ ಕೋಣೆಯಲ್ಲಿ ಅದು ಉರಿದಾಗ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಮೂರ್ಛೆಹೋಗಿ ಮೃತಪಟ್ಟ ಘಟನೆಗಳು ಬೆಂಗಳೂರಿನಲ್ಲಿ ಪದೇ ಪದೇ ವರದಿಯಾಗಿವೆ. ಅದನ್ನು ಹೊರಗಿನ ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸುವುದೇ ಪರಿಹಾರ, ಅದೂ ತರಬೇತಿ ಪಡೆದ ತಂತ್ರಜ್ಞರಿಂದ. ಅಲ್ಲಿಯವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ನಂತರವೇ ಸ್ನಾನಕ್ಕೆ ಬಾಗಿಲು ಮುಚ್ಚಬೇಕು.