ತೋಟಗಾರರ ಸಂಘದ ಮಾಸಿಕ ಸಭೆಯೂ ಅತಿಥಿ ಉಪನ್ಯಾಸವೂ

ಹೊಲದ ಬೆಳೆಗೂ ತೋಟದ ಬೆಳೆಗೂ ಒಂದು ಮುಖ್ಯವಾದ ಭೇದವುಂಟು. ರಾಗಿಯ ಹೊಲದಲ್ಲಿ ಈ ವರ್ಷ ಮಾಡಿದ ತಪ್ಪನ್ನು ಮುಂದಿನ ಮುಂಗಾರಿನಲ್ಲಿ ತಿದ್ದಿಕೊಳ್ಳಬಹುದು. ಅಡಿಕೆ, ತೆಂಗು, ಮಾವುಗಳನ್ನು ನೆಡುವಾಗ ಮಾಡಿದ ತಪ್ಪಾದರೋ ಹಲವು ವರ್ಷಗಳು ಕಳೆದು ಫಲ ಬರತಕ್ಕ ಕಾಲದಲ್ಲಿ ಗೊತ್ತಾಗುವುದು. ಅಷ್ಟು ಹೊತ್ತಿಗೆ ಅದನ್ನು ಸರಿಪಡಿಸುವ ಉಪಾಯವಿರುವುದಿಲ್ಲ. ಆದಕಾರಣ ತೋಟಗಾರನಿಗೆ ಸ್ವಂತ ಅನುಭವವೊಂದೇ ಸಾಲದು. ನೆರೆಯವರ ಅನುಭವವೂ, ಆ ವಿಷಯವನ್ನೇ ಅಭ್ಯಾಸ ಮಾಡಿದವರ ತಿಳಿವಳಿಕೆಯೂ ಅವನಿಗೆ ಬೇಕು. ತಿಂಗಳಿಗೊಮ್ಮೆ ಸೇರುವ ತೋಟಗಾರರ ಸಂಘವು ಇದಕ್ಕಾಗಿಯೇ ಏರ್ಪಟ್ಟಿರುವುದು.

ಆದರೆ ಅನೇಕ ಗ್ರಾಮಗಳಲ್ಲಿ ಇಂತಹ ಸಂಘಗಳು ತಳಿರುತೋರಣಗಳೊಡನೆ ಆರಂಭವಾಗಿ ನಾಲ್ಕನೆಯ ತಿಂಗಳಲ್ಲಿಯೇ ನಿಂತುಹೋಗುವುದುಂಟು. ಜನರಿಗೆ ಆಸಕ್ತಿಯಿಲ್ಲವೆಂದು ಮುಖಂಡರು ಹೇಳುವರು. ಇದು ಅಷ್ಟು ಸರಿಯಾದ ಮಾತಲ್ಲ. ದೂರದಿಂದ ಬಂದ ಅತಿಥಿಯು ಯಾರೂ ಕೇಳದ ಪ್ರಶ್ನೆಗೆ ಒಂದು ಗಂಟೆಯ ಕಾಲ ಉತ್ತರ ಹೇಳಿ ಹೋದರೆ, ಕೆಲಸವುಳ್ಳ ರೈತನು ಮುಂದಿನ ತಿಂಗಳು ಬಾರದಿರುವುದು ಸಹಜವೇ. ಸಭಿಕರಲ್ಲಿ ಮೊದಲೇ ಹುಟ್ಟಿರುವ ಪ್ರಶ್ನೆಗೆ, ಉತ್ತರವು ಉಪಯೋಗಕ್ಕೆ ಬರುವ ತಿಂಗಳಿನಲ್ಲಿ, ಅದನ್ನು ಬಲ್ಲವರನ್ನು ಕರೆಯಿಸುವುದು, ಮತ್ತು ಅವರು ಹೇಳಿದುದರ ಫಲವೇನಾಯಿತೆಂದು ಮುಂದಿನ ಸಭೆಯಲ್ಲಿ ವಿಚಾರಿಸುವುದು, ಇಷ್ಟು ನಡೆದರೆ ಸಂಘವು ಬದುಕುವುದು.

ಈ ಬಗೆಯ ಸಭೆಗಳ ಪದ್ಧತಿ ಹೊಸದಲ್ಲ. 1804ನೆಯ ಇಸವಿ ಮಾರ್ಚ್ 7ರಂದು ಲಂಡನ್ ನಗರದ ಒಂದು ಪುಸ್ತಕದ ಅಂಗಡಿಯಲ್ಲಿ ಏಳು ಮಂದಿ ಕಲೆತು ತೋಟಗಾರಿಕೆಯ ಸಂಘವೊಂದನ್ನು ಸ್ಥಾಪಿಸಿದರು. ಇದನ್ನು ಮೊದಲು ಸೂಚಿಸಿದ ಜಾನ್ ವೆಜ್‌ವುಡ್ ಎಂಬುವರು ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಮನೆತನದವರು. ಉಳಿದವರಲ್ಲಿ ಪಂಡಿತರೂ ಇದ್ದರು, ಗಿಡಗಳೊಡನೆಯೇ ಕೆಲಸಮಾಡುವ ತೋಟಗಾರರೂ ಇದ್ದರು. ಅನುಭವವನ್ನು ಬರೆದು ತಂದು ಓದುವುದು, ತಾವು ಬೆಳೆದ ಹಣ್ಣುಹೂಗಳನ್ನು ಸಭೆಯ ಮುಂದಿಟ್ಟು ತೋರಿಸುವುದು ಅಲ್ಲಿನ ಕ್ರಮವಾಯಿತು. ಭಾರತದಲ್ಲಿ 1820ರಲ್ಲಿ ವಿಲಿಯಂ ಕೇರಿಯವರು ಕಲ್ಕತ್ತೆಯಲ್ಲಿ ವ್ಯವಸಾಯ ಮತ್ತು ತೋಟಗಾರಿಕೆಯ ಸಂಘವನ್ನು ಹುಟ್ಟಿಸಿದರು. ಬೆಂಗಳೂರಿನಲ್ಲಿ ಕ್ರುಂಬಿಗಲ್ ಅವರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದಾಗ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘವು ಏರ್ಪಟ್ಟಿತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಕಂಡ ಗ್ರಾಮಸ್ಥರು ಅನೇಕರಿರುವರು. ಆದರೆ ಪ್ರದರ್ಶನವು ಬೆಳೆದು ಮುಗಿದುದನ್ನು ತೋರಿಸುವುದು. ಬೆಳೆಯುವ ಕಾಲದ ಕಷ್ಟವನ್ನು ವಿಚಾರಿಸತಕ್ಕ ಸ್ಥಳವು ಮಾಸಿಕ ಸಭೆಯೇ.

ಸಭೆಯ ವಿಷಯವು ಕಾಲವನ್ನು ಅನುಸರಿಸಬೇಕೆಂಬುದಕ್ಕೆ ಅಡಿಕೆಯ ಕೊಳೆರೋಗಕ್ಕಿಂತ ಉತ್ತಮವಾದ ದೃಷ್ಟಾಂತವಿಲ್ಲ. ಈ ರೋಗವು ಮುಂಗಾರಿನ ಮಳೆಯಲ್ಲಿ ಹರಡಿ ಎಳೆಯ ಕಾಯಿಗಳನ್ನು ಕೊಳೆಯಿಸಿ ಉದುರಿಸುವುದು. ಹಿಂದೆ ಮಲೆನಾಡಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಇದನ್ನು ಪರಿಶೋಧಿಸಿ, ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿತೋಟಗಳಿಗೆ ಹಾಕುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಯ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಮಳೆ ಹಿಡಿಯುವುದಕ್ಕೆ ಮೊದಲು ಒಂದಾವರ್ತಿಯೂ, ಅಲ್ಲಿಂದ 40–45 ದಿನಗಳ ಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದಾವರ್ತಿಯೂ ಸಿಂಪಡಿಸತಕ್ಕದ್ದು. ಈ ಔಷಧಿಯು ಕಾಯಿಗೆ ರೋಗವು ತಗಲದಂತೆ ಕಾಯುವುದೇ ಹೊರತು ಕೊಳೆತ ಕಾಯಿಯನ್ನು ಗುಣಪಡಿಸುವುದಿಲ್ಲ. ಹೀಗಿರುವಲ್ಲಿ ಕೊಳೆರೋಗದ ಉಪನ್ಯಾಸವನ್ನು ಜುಲೈ ತಿಂಗಳಲ್ಲಿ, ಕಾಯಿ ಉದುರುವುದನ್ನು ಕಂಡು ಗಾಬರಿಯಾದ ಮೇಲೆ, ಏರ್ಪಡಿಸಿದರೆ ಪ್ರಯೋಜನವೇನು? ಅದು ಮೇ ತಿಂಗಳ ಮೊದಲ ವಾರದಲ್ಲಿ ಆಗತಕ್ಕದ್ದು.

ಅದೂ ಬರಿಯ ಮಾತಿನಿಂದ ಆಗಬಾರದು. ದ್ರಾವಣವನ್ನು ಸಭೆಯ ಎದುರಿಗೇ ಮಾಡಿ ತೋರಿಸಬೇಕು. ಒಂದು ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ 50 ಲೀಟರ್ ನೀರಿನಲ್ಲಿ ಕದಡಿ ಸೋಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತ ಕಡ್ಡಿಯಿಂದ ಕಲಸುತ್ತಿರಬೇಕು. ಪಾತ್ರೆಗಳು ಮಣ್ಣಿನವೋ ಮರದವೋ ಪ್ಲಾಸ್ಟಿಕ್ಕಿನವೋ ಆಗಿರಬೇಕು, ಕಬ್ಬಿಣದ್ದು ಕೂಡದು. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ಮಾಡಿದ ದ್ರಾವಣವನ್ನು ಆ ದಿವಸವೇ ಉಪಯೋಗಿಸಿ ಮುಗಿಸಬೇಕು. ಈ ಚಾಕುವಿನ ಪರೀಕ್ಷೆಯನ್ನು ಒಮ್ಮೆ ಕಣ್ಣಾರೆ ಕಂಡವನು ಮರೆಯುವುದಿಲ್ಲ. ಸುಣ್ಣವು ಹಳೆಯದಾಗಿದ್ದು ದ್ರಾವಣ ಕೆಟ್ಟಿದ್ದರೆ, ಮರ ಹತ್ತಿ ಸಿಂಪಡಿಸಿದ ಕೂಲಿಯೂ ವರ್ಷದ ಫಸಲೂ ಕೂಡಿ ನಷ್ಟವಾಗುವುವು.

ಇಲ್ಲಿ ಇನ್ನೊಂದು ವಿಷಯವನ್ನು ಹೇಳಬೇಕಾಗಿದೆ. ಮರವನ್ನು ಹತ್ತುವವನು ಜಮೀನುದಾರನಲ್ಲ, ಕೊನೆಗೌಡನು. ಗೊನೆಯ ಒಳಭಾಗಕ್ಕೆ ಔಷಧಿ ತಲಪಿತೋ ಇಲ್ಲವೋ ಎಂಬುದು ಅವನೊಬ್ಬನಿಗೇ ಗೊತ್ತು. ಆದರೂ ಸಂಘದ ಸಭೆಗೆ ಅವನನ್ನು ಕರೆಯುವ ವಾಡಿಕೆ ಕಡಮೆ. ಅದೇ ರೀತಿ ಸಸಿಗಳಿಗೆ ನೀರು ಹಾಕುವವರೂ ಹಿತ್ತಲಿನ ತರಕಾರಿ ನೋಡುವವರೂ ಹೆಚ್ಚಾಗಿ ಹೆಂಗಸರು. ಎಲೆ ಮುರುಟುವುದನ್ನು ಯಜಮಾನನಿಗಿಂತ ಮೊದಲು ಕಾಣುವವರು ಅವರೇ. ಇವರನ್ನು ಬಿಟ್ಟು ನಡೆಯಿಸಿದ ಸಭೆಯಲ್ಲಿ ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಕಷ್ಟ.

ಸಭೆಯ ದಿನವನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಾಯಿಸಬಾರದು. ಸಂತೆಯ ದಿವಸವಾದರೆ ಜನರು ಹೇಗೂ ಸೇರುವರೆಂದು ಕೆಲವರು ಅದನ್ನು ಆರಿಸುವುದುಂಟು. ಆದರೆ ಸಂತೆಗೆ ಬಂದವನ ಮನಸ್ಸು ಮಾರಾಟದಲ್ಲಿಯೂ ಮನೆಗೆ ತಿರುಗುವುದರಲ್ಲಿಯೂ ಇರುವುದು. ಕೆಲವು ಸೀಮೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಸಂಪ್ರದಾಯವಿದೆ. ಅಲ್ಲಿ ತಿಂಗಳ ಮೊದಲನೆಯ ಸೋಮವಾರ ಸಾಯಂಕಾಲವು ಅನುಕೂಲವಾದ ಹೊತ್ತು. ಇಲಾಖೆಯ ಅಧಿಕಾರಿಗಳಿಗೂ ಅದು ರಜೆಯ ದಿನವಲ್ಲ. ಸ್ಥಳವು ಚಾವಡಿಗಿಂತ ಸದಸ್ಯರೊಬ್ಬರ ತೋಟವಾದರೆ ಮೇಲು. ತಿಂಗಳಿಗೊಬ್ಬರ ತೋಟದಲ್ಲಿ ಸೇರುತ್ತ ಬಂದರೆ ವರ್ಷದಲ್ಲಿ ಹನ್ನೆರಡು ತೋಟಗಳನ್ನು ಎಲ್ಲರೂ ನೋಡಿದಂತಾಗುವುದು. ತನ್ನ ಸರದಿಗೆ ಮೊದಲು ಯಜಮಾನನು ಕಳೆ ತೆಗೆಯಿಸಿ ಬಸಿಗಾಲುವೆಗಳನ್ನು ಸರಿಮಾಡಿಸುವುದು ಒಂದು ಹೆಚ್ಚಿನ ಲಾಭ.

ಅತಿಥಿಗಳೆಂದರೆ ಅಧಿಕಾರಿಗಳೇ ಆಗಬೇಕೆಂಬ ನಿಯಮವಿಲ್ಲ. ತಾಲ್ಲೂಕು ತೋಟಗಾರಿಕಾ ಕಛೇರಿ, ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಇಲ್ಲಿನವರನ್ನು ಕರೆಯಿಸುವುದು ಯುಕ್ತವೇ. ಆದರೆ ಮಾವಿನ ಕಸಿ ಕಟ್ಟುವುದರಲ್ಲಿ ಕೈಪಳಗಿದ ಸಸ್ಯಾಗಾರದವನೊಬ್ಬನು ನೆಡುವ ಕಾಲದಲ್ಲಿ ಬಂದು, ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕೆಂಬುದನ್ನೂ, ಗಂಟಿನ ಕೆಳಗೆ ಹೊರಡುವ ಚಿಗುರನ್ನು ಆಗಾಗ್ಗೆ ಚಿವುಟಬೇಕೆಂಬುದನ್ನೂ ಗಿಡ ಹಿಡಿದು ತೋರಿಸಿದರೆ, ಅದು ಯಾವ ಪಂಡಿತರ ಭಾಷಣಕ್ಕೂ ಕಡಮೆಯಲ್ಲ. ಆ ಚಿಗುರನ್ನು ಬಿಟ್ಟರೆ ಬೇರಿನ ಗಿಡವೇ ಮೇಲೆದ್ದು ಕಸಿಯ ಕೊಂಬೆ ಸೊರಗುವುದು. ಕೊಂಡ ಜಾತಿ ಒಂದು, ಕಾಯುವ ಹಣ್ಣು ಮತ್ತೊಂದು ಆಗುವುದು. ಮಂಡಿಯ ವರ್ತಕರೊಬ್ಬರನ್ನು ಕೊಯಿಲಿಗೆ ಮೊದಲು ಕರೆಯಿಸಿ, ಯಾವ ಕಾಯಿಗೆ ಏಕೆ ಬೆಲೆ ಇಳಿಯುವುದೆಂದು ಕೇಳುವುದೂ ಉಪಯುಕ್ತ. ಔಷಧಿ ಗೊಬ್ಬರಗಳನ್ನು ಮಾರುವ ಕಂಪೆನಿಯವರು ತಾವಾಗಿಯೇ ಬರಲು ಸಿದ್ಧರಾಗಿರುವರು. ಅವರ ಮಾತನ್ನು ಕೇಳಬಹುದು. ಆದರೆ ಸಭೆಯ ದಿವಸ ಅಲ್ಲಿಯೇ ಮಾರಾಟಕ್ಕೆ ಅವಕಾಶ ಕೊಡಕೂಡದು, ಮತ್ತು ಅದೇ ವಿಷಯದಲ್ಲಿ ಮಾರಾಟದ ಲಾಭವಿಲ್ಲದವರ ಅಭಿಪ್ರಾಯವನ್ನೂ ಪಡೆಯತಕ್ಕದ್ದು.

ಕೆಲವು ವೇಳೆ ಔಷಧಿಯನ್ನು ಹೊಡೆಯಬೇಡಿರೆಂದು ಹೇಳುವ ಅತಿಥಿಯೇ ಹೆಚ್ಚಿನ ಉಪಕಾರಿ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಪರಂಗಿಯ ಹಿಟ್ಟುತಿಗಣೆಯು ಬೇಗನೆ ಹರಡಿ ಪರಂಗಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಮಾಡಿತು. ಅದರ ಮೈಮೇಲೆ ಮೇಣದಂತಹ ಬಿಳಿಯ ಹೊದಿಕೆಯಿರುವುದರಿಂದ ಸಿಂಪಡಿಸಿದ ಔಷಧಿಯು ಚೆನ್ನಾಗಿ ತಗಲುವುದಿಲ್ಲ. ಹಿಪ್ಪುನೇರಳೆಗೆ ವಿಷ ಹೊಡೆದರೆ ರೇಷ್ಮೆ ಹುಳುಗಳಿಗೆ ಅಪಾಯ. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯವರು ಪೋರ್ಟೊರಿಕೊ ದ್ವೀಪದಿಂದ ಅಸೆರೋಫೇಗಸ್ ಎಂಬ ಅತಿ ಸಣ್ಣ ಕಣಜವನ್ನು ತರಿಸಿ, ಬೆಳೆಯಿಸಿ, ತೋಟಗಳಲ್ಲಿ ಬಿಡಿಸಿದರು. ಈ ಕಣಜವು ಹಿಟ್ಟುತಿಗಣೆಯ ಮೈಯೊಳಗೆ ಮೊಟ್ಟೆಯಿಡುವುದು. ಮರಿಯು ಅದನ್ನು ತಿಂದು ಬೆಳೆಯುವುದು. ಪಿಡುಗು ಹತೋಟಿಗೆ ಬಂದಿತು. ಆದರೆ ಕಣಜವನ್ನು ಬಿಟ್ಟ ತೋಟದ ಪಕ್ಕದಲ್ಲಿ ಇನ್ನೊಬ್ಬನು ವಿಷ ಸಿಂಪಡಿಸುತ್ತಿದ್ದರೆ ಕಣಜವೇ ಮೊದಲು ಸಾಯುವುದು. ಇಂತಹ ಉಪಾಯವು ಊರಿನವರೆಲ್ಲರೂ ಒಂದೇ ದಿನ ಒಂದೇ ಮಾತನ್ನು ಕೇಳಿ ಒಪ್ಪಿಕೊಂಡಲ್ಲಿ ಮಾತ್ರ ನಡೆಯತಕ್ಕದ್ದು.

ತೆಂಗಿನ ಕೊಂಬಿನ ದುಂಬಿಯ ವಿಷಯವೂ ಹಾಗೆಯೇ. ಸುಳಿಯನ್ನು ಕೊರೆಯುವುದು ಒಬ್ಬನ ಮರದಲ್ಲಿ. ಹುಟ್ಟಿ ಬೆಳೆಯುವುದು ಮತ್ತೊಬ್ಬನ ತಿಪ್ಪೆಗುಂಡಿಯಲ್ಲಿ. ಗರಿಗಳು ಕತ್ತರಿಯಿಂದ ಕತ್ತರಿಸಿದಂತೆ ಬಿಚ್ಚಿಕೊಂಡಾಗ ಮರದ ಯಜಮಾನನು ಮರಕ್ಕೆ ಔಷಧಿ ಹುಡುಕುವನು. ತಿಪ್ಪೆಯ ಗೊಬ್ಬರವನ್ನು ಕೆದರಿ ಹುಳುಗಳನ್ನು ಆರಿಸಿ ಕೊಲ್ಲುವಂತೆ ನೆರೆಯವನಿಗೆ ಒಬ್ಬಂಟಿಯಾಗಿ ಹೇಳಿದರೆ ಜಗಳವಾಗುವುದು. ಸಭೆಯಲ್ಲಿ ಅತಿಥಿಯು ಹುಳುವನ್ನು ಅಂಗೈಯಲ್ಲಿಟ್ಟು ತೋರಿಸಿ ಹೇಳಿದರೆ ಯಾರೂ ತಮಗೆಂದು ನೊಂದುಕೊಳ್ಳುವುದಿಲ್ಲ.

ಅತಿಥಿಗೆ ಕಾಗದವನ್ನು ಹದಿನೈದು ದಿವಸ ಮುಂಚಿತವಾಗಿ ಬರೆಯಬೇಕು. ತಮಗೆ ತೋರಿದ ವಿಷಯದ ಮೇಲೆ ಮಾತನಾಡಬೇಕೆಂದು ಕೇಳುವುದು ಮರ್ಯಾದೆಯ ಮಾತಾದರೂ ಉಪಯೋಗಕ್ಕೆ ಬಾರದ್ದು. ಊರಿನ ಮಣ್ಣು, ನೀರಿನ ಅನುಕೂಲ, ಬೆಳೆಗಳ ವಯಸ್ಸು, ಸದಸ್ಯರು ಕೇಳಿರುವ ನಾಲ್ಕೈದು ಪ್ರಶ್ನೆಗಳು, ಇಷ್ಟನ್ನು ತಿಳಿಸಬೇಕು. ರೋಗದ ಪ್ರಶ್ನೆಯಿದ್ದಲ್ಲಿ ಮಾದರಿಯನ್ನು ಮೊದಲೇ ಕಳುಹಿಸುವುದೊಳ್ಳೆಯದು. ಪೂರ್ತಿ ಒಣಗಿದ ಎಲೆಯಿಂದ ಏನೂ ತಿಳಿಯುವುದಿಲ್ಲ. ರೋಗ ತಗಲಿದ ಭಾಗವೂ ಆರೋಗ್ಯವಾದ ಭಾಗವೂ ಕೂಡುವ ಅಂಚು ಇರತಕ್ಕ ಎಲೆಯನ್ನು ಆರಿಸಿ ಕಾಗದದಲ್ಲಿ ಮಡಿಸಿ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವೆತು ಕೊಳೆತು, ಹಾದಿಯಲ್ಲಿ ಹುಟ್ಟಿದ ಬೂಷ್ಟನ್ನೇ ರೋಗವೆಂದು ತಿಳಿಯುವ ಸಂಭವವಿದೆ. ಗೊಬ್ಬರದ ವಿಷಯವಾದರೆ ಸದಸ್ಯರು ಮುಂಚಿತವಾಗಿಯೇ ಮಣ್ಣು ಪರೀಕ್ಷೆ ಮಾಡಿಸಿ ಆ ಚೀಟಿಗಳನ್ನು ಸಭೆಗೆ ತರತಕ್ಕದ್ದು. ಆಗ ಅತಿಥಿಯು ಸಾಮಾನ್ಯ ಮಾತುಗಳನ್ನು ಬಿಟ್ಟು ಆಯಾ ತೋಟದ ಅಂಕಿಗಳನ್ನು ನೋಡಿ ಹೇಳಬಲ್ಲರು.

ಅತಿಥಿಯು ಬಂದ ದಿವಸ ಮೊದಲು ಅವರನ್ನು ಎರಡು ಮೂರು ತೋಟಗಳಲ್ಲಿ ತಿರುಗಾಡಿಸಬೇಕು. ಒಳ್ಳೆಯ ತೋಟಗಳನ್ನೇ ತೋರಿಸುವ ಚಪಲವು ಮುಖಂಡರಲ್ಲಿರುವುದುಂಟು. ವೈದ್ಯನನ್ನು ಕರೆಯಿಸಿ ಮನೆಯಲ್ಲಿ ಗಟ್ಟಿಮುಟ್ಟಾಗಿರುವವರ ಕೈಯನ್ನು ಹಿಡಿಯಿಸಿದಂತೆ. ಸ್ವಾಗತ, ಹಾರ, ಅಧ್ಯಕ್ಷರ ಭಾಷಣ ಇವೆಲ್ಲವೂ ಸೇರಿ ಕಾಲು ಗಂಟೆಯೊಳಗೆ ಮುಗಿಯಬೇಕು. ಉಪನ್ಯಾಸಕ್ಕೆ ಮುಕ್ಕಾಲು ಗಂಟೆ ಸಾಕು. ಪ್ರಶ್ನೆಗಳಿಗೆ ಅದಕ್ಕಿಂತ ಹೆಚ್ಚು ಕಾಲವನ್ನು ಬಿಡುವುದು ಯುಕ್ತ. ಸಂಕೋಚದಿಂದ ಹಿಂದೆ ಕುಳಿತವರ ಪ್ರಶ್ನೆಯನ್ನು ಕಾರ್ಯದರ್ಶಿಯೇ ಮೊದಲು ಕೇಳಿಕೊಂಡಿದ್ದು ಎತ್ತತಕ್ಕದ್ದು.

ಕೊನೆಯದಾಗಿ ದಫ್ತರದ ವಿಷಯ. ಅತಿಥಿಯು ಹೇಳಿದ ಮುಖ್ಯಾಂಶಗಳನ್ನೂ, ಅದನ್ನು ಮಾಡಿ ನೋಡುವೆನೆಂದು ಒಪ್ಪಿಕೊಂಡ ಇಬ್ಬರು ಮೂವರ ಹೆಸರುಗಳನ್ನೂ ಅಂದೇ ಬರೆಯಬೇಕು. ಅವರು ಹೊಸ ಕ್ರಮವನ್ನು ತೋಟಕ್ಕೆಲ್ಲ ಅನ್ವಯಿಸದೆ ಒಂದು ಸಾಲನ್ನು ಹಳೆಯ ಕ್ರಮದಲ್ಲಿಯೇ ಬಿಡತಕ್ಕದ್ದು. ಹಾಗೆ ಬಿಡದಿದ್ದರೆ ಫಸಲು ಹೆಚ್ಚಿದುದು ಔಷಧಿಯಿಂದಲೋ ಆ ವರ್ಷದ ಮಳೆಯಿಂದಲೋ ಎಂಬುದು ಎಂದಿಗೂ ಇತ್ಯರ್ಥವಾಗುವುದಿಲ್ಲ. ಮುಂದಿನ ಸಭೆಯು ಈ ದಫ್ತರವನ್ನು ಓದುವುದರಿಂದಲೇ ಆರಂಭವಾಗಬೇಕು. ಯಾರು ಮಾಡಿದರು, ಯಾರು ಮಾಡಲಿಲ್ಲ, ಮಾಡದಿದ್ದುದಕ್ಕೆ ಕಾರಣವು ಹಣವೋ ಆಳಿನ ಕೊರತೆಯೋ ಎಂಬುದನ್ನೆಲ್ಲ ವಿಚಾರಿಸಿ ಬರೆದು, ಅದರ ಒಂದು ಪ್ರತಿಯನ್ನು ಅತಿಥಿಗೆ ಕಳುಹಿಸಬೇಕು. ತಾವು ಹೇಳಿದುದು ಯಾವ ಮಣ್ಣಿನಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬ ವರ್ತಮಾನವು ಅವರಿಗೆ ದೊರೆಯುವುದು ಅಪೂರ್ವ. ಅದನ್ನು ಕಳುಹಿಸುವ ಸಂಘಕ್ಕೆ ಅವರು ಎರಡನೆಯ ಸಾರಿ ಕರೆಯದೆಯೇ ಬರುವರು.

ಹೊಸದಾಗಿ ಸಂಘವನ್ನು ಆರಂಭಿಸುವ ಅಡಿಕೆಯ ಸೀಮೆಯವರು ಮೊದಲನೆಯ ಸಭೆಯನ್ನು ಏಪ್ರಿಲ್ ತಿಂಗಳಿನಲ್ಲಿ ಇಟ್ಟುಕೊಳ್ಳುವುದು ಅನುಕೂಲ. ಆ ಸಭೆಗೆ ಅತಿಥಿಯ ಅಗತ್ಯವಿಲ್ಲ. ಹಿಂದಿನ ಮಳೆಗಾಲದಲ್ಲಿ ಯಾರ ತೋಟದಲ್ಲಿ ಎಷ್ಟು ಕಾಯಿ ಉದುರಿತು, ಎಂದು ಸಿಂಪಡಿಸಿದರು, ಸುಣ್ಣವನ್ನು ಎಲ್ಲಿಂದ ತಂದರು ಎಂಬುದನ್ನು ಒಬ್ಬೊಬ್ಬರಾಗಿ ಹೇಳಿ ಬರೆಯಿಸಿದರೆ, ಮೇ ತಿಂಗಳ ಅತಿಥಿಗೆ ಬರೆಯಬೇಕಾದ ಕಾಗದವು ತಾನಾಗಿಯೇ ಸಿದ್ಧವಾಗುವುದು.